ಮನೆಯಲ್ಲೇ ಗಿಟಾರಿಗೆ ಬಣ್ಣ ಮತ್ತು ಹೊಳಪು

ವಿದ್ಯುತ್ ಗಿಟಾರನ್ನು ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಮಾರುವ ಪದ್ಧತಿ ಈಗ ಬಳಕೆಗೆ ಬಂದಿದೆ. ಒಡಲು, ಕೊರಳು, ಬಿರಡೆ, ತಂತಿ, ಪಿಕಪ್, ತಿರುಪುಮೊಳೆ ಎಲ್ಲವೂ ಅದರಲ್ಲಿರುತ್ತವೆ. ಬಣ್ಣ ಮಾತ್ರ ಇರುವುದಿಲ್ಲ. ಮರವನ್ನು ಬರಿಮೈಯಲ್ಲೇ ಕಳುಹಿಸುತ್ತಾರೆ. ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಸಂಗೀತದ ಆಸೆಯುಳ್ಳವರು ಕೆಲವರುಂಟು. ಕೈಕೆಲಸ ಬಲ್ಲವರಂತೂ ಅನೇಕರು. ಇಂಥವರಿಗೆ ಈ ಪೆಟ್ಟಿಗೆ ಒಳ್ಳೆಯ ಪಾಠವಾಗಬಲ್ಲದು. ಜೋಡಿಸುವುದು ಒಂದೆರಡು ಭಾನುವಾರಗಳ ಕೆಲಸ; ಬಣ್ಣ ಮತ್ತು ಹೊಳಪಿಗೆ ಒಂದು ತಿಂಗಳಿಗಿಂತ ಹೆಚ್ಚು ಬೇಕು. ಕೆಲಸ ಕೆಡುವುದೂ ಬಹುಮಟ್ಟಿಗೆ ಅಲ್ಲಿಯೇ. ಆದಕಾರಣ ಈ ಪಾಠವನ್ನು ಬಣ್ಣಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಮೊದಲೇ ಎರಡು ಮಾತು ಹೇಳಿಬಿಡುತ್ತೇವೆ. ಹೊಳಪು ಡಬ್ಬಿಯಿಂದ ಬರುವುದಿಲ್ಲ. ಮರವನ್ನು ಸಿದ್ಧಪಡಿಸುವುದರಿಂದಲೂ ಕಾಯುವುದರಿಂದಲೂ ಬರುತ್ತದೆ. ಇದು ಒಂದನೆಯದು. ಹೆಂಡತಿ ಮಕ್ಕಳು ಮಲಗುವ ಕೋಣೆಯಲ್ಲಿ ಸಿಂಪಡಿಸುವ ಬಣ್ಣ ಸಲ್ಲದು. ಬಟ್ಟೆಯಿಂದ ಉಜ್ಜಿ ಹಚ್ಚುವ ಲೇಪವೇ ನಮ್ಮಂಥವರಿಗೆ ತಕ್ಕದ್ದು. ಇದು ಎರಡನೆಯದು. ಮುಂದೆ ಹೇಳುವುದೆಲ್ಲ ಈ ಎರಡರ ವಿವರಣೆಯೇ.

ಇದು ನಮಗೆ ಹೊಸದೆ?

ಗಿಟಾರು ಪರದೇಶದ್ದು, ನಮಗೇಕೆ ಎಂದು ಕೆಲವರು ಕೇಳಬಹುದು. ಆಂಧ್ರದಲ್ಲಿ ೧೯೬೯ರಲ್ಲಿ ಹುಟ್ಟಿ ಈ ಚೆನ್ನೈಯಲ್ಲೇ ಬಾಳಿದ ಯು. ಶ್ರೀನಿವಾಸ್ ಅವರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿ ಲೋಕವನ್ನೇ ಒಲಿಸಿಕೊಂಡರು. ವಾದ್ಯ ಎಲ್ಲಿಯದಾದರೇನು, ನುಡಿಸುವ ಕೈ ನಮ್ಮದಾದರೆ ಸಾಕು.

ಮನೆಯಲ್ಲಿ ಮಾಡಿದ ವಾದ್ಯ ಹೆಸರು ಗಳಿಸುವುದುಂಟೆ ಎಂಬುದು ಇನ್ನೊಂದು ಪ್ರಶ್ನೆ. ೧೯೬೩ರಲ್ಲಿ ಇಂಗ್ಲೆಂಡಿನ ಬ್ರಯಾನ್ ಮೇ ಎಂಬ ವಿದ್ಯಾರ್ಥಿಯೂ ಆತನ ತಂದೆಯೂ ಸೇರಿ ಮನೆಯಲ್ಲೇ ಒಂದು ವಿದ್ಯುತ್ ಗಿಟಾರನ್ನು ಮಾಡತೊಡಗಿದರು. ಅಂಗಡಿಯ ವಾದ್ಯ ಕೊಳ್ಳುವಷ್ಟು ಹಣವಿರಲಿಲ್ಲ. ಕೊರಳಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಬೆರಳುಹಲಗೆಯ ಗುರುತುಗಳಿಗೆ ಮುತ್ತಿನ ಚಿಪ್ಪಿನ ಗುಂಡಿ. ಮುಂದೆ ಕ್ವೀನ್ ಎಂಬ ಪ್ರಸಿದ್ಧ ವಾದ್ಯವೃಂದದಲ್ಲಿ ಆತ ನುಡಿಸಿದ್ದು ಆ ಗಿಟಾರನ್ನೇ. ೨೦೦೨ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ನುಡಿಸಿದ್ದೂ ಅದನ್ನೇ.

ಮೊದಲು ಜೋಡಿಸಿ ನೋಡಿ, ಆಮೇಲೆ ಬಿಚ್ಚಿ

ಪೆಟ್ಟಿಗೆ ಬಂದೊಡನೆ ಬಣ್ಣದ ಡಬ್ಬಿ ತೆರೆಯಬಾರದು. ಬರಿಮರವಿರುವಾಗಲೇ ಎಲ್ಲವನ್ನೂ ಒಮ್ಮೆ ಜೋಡಿಸಿ ನೋಡಬೇಕು. ಕೊರಳು ತನ್ನ ಗೂಡಿನಲ್ಲಿ ಅಲುಗದೆ ಕೂರುತ್ತದೆಯೆ? ಎರಡು ಬದಿಯ ತಂತಿಗಳು ಬೆರಳುಹಲಗೆಯ ಅಂಚಿನಿಂದ ಸಮದೂರದಲ್ಲಿವೆಯೆ? ತಂತಿ ಹೊರುವ ಕುದುರೆ ಸರಿಯಾದ ಜಾಗದಲ್ಲಿದೆಯೆ? ಕೊರಳಿನ ತುದಿಯ ಕಟ್ಟೆಯಿಂದ ೧೨ನೆಯ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಸುಮಾರು ಅಷ್ಟೇ ದೂರವಿರಬೇಕು. ವೀಣೆಯ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸುವುದರಿಂದ ಮೇಣ ಕೆದಕಿ ಸರಿಪಡಿಸಬಹುದು. ಗಿಟಾರಿನ ಮೆಟ್ಟಿಲುಗಳೋ ಮರದಲ್ಲೇ ಹುದುಗಿರುತ್ತವೆ. ಕುದುರೆಯನ್ನೇ ಸರಿಯಾಗಿ ಇಡಬೇಕು.

ಕೊರೆಯಬೇಕಾದ ತೂತುಗಳನ್ನೆಲ್ಲ ಈಗಲೇ ಕೊರೆದುಬಿಡಿ. ಬಣ್ಣವಾದ ಮೇಲೆ ಬೈರಿಗೆ ಇಟ್ಟರೆ ಲೇಪ ಚಕ್ಕೆಯೇಳುತ್ತದೆ. ಪ್ರತಿ ತಿರುಪಿಗೂ ಸಣ್ಣ ದಾರಿತೂತು ಇರಲಿ, ಇಲ್ಲವಾದರೆ ಮರ ಸೀಳೀತು. ಆಮೇಲೆ ಎಲ್ಲವನ್ನೂ ಬಿಚ್ಚಿ, ತಿರುಪುಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿಟ್ಟು ಹೆಸರು ಬರೆಯಿರಿ.

ಕೊರಳಿನ ಗೂಡಿಗೆ ಕಾಗದದ ಅಂಟುಪಟ್ಟಿ ಹಚ್ಚಿ ಮುಚ್ಚಬೇಕು. ಅಲ್ಲಿ ಬಣ್ಣ ದಪ್ಪಗಾದರೆ ಕೊರಳು ಸರಿಯಾಗಿ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಅಂಚಿನ ಬಣ್ಣ ಬಿರಿಯುತ್ತದೆ. ಬೆರಳುಹಲಗೆ ಬೀಟೆಯದಾಗಿದ್ದರೆ ಅದಕ್ಕೂ ಲೇಪ ಬೇಡ. ಕೊರಳಿನ ಬೆನ್ನಿಗೆ ಮಾತ್ರ ತೆಳುವಾದ ಲೇಪ ಬೇಕೇ ಬೇಕು. ಬರಿಮರ ಗಾಳಿಯ ತೇವವನ್ನು ಹೀರಿ ಬಾಗುವ ಭಯವುಂಟು.

ಮರವನ್ನು ಉಜ್ಜುವ ಕ್ರಮ

ಉಪ್ಪುಕಾಗದಕ್ಕೆ ತಮಿಳಿನಲ್ಲೂ ಹೆಚ್ಚುಕಡಿಮೆ ಅದೇ ಹೆಸರು. ಅಂಗಡಿಯಲ್ಲಿ ಕೇಳಲು ಕಷ್ಟವಿಲ್ಲ. ೧೨೦, ೧೮೦, ೨೪೦ ಎಂಬ ಮೂರು ನಂಬರುಗಳು ಸಾಕು. ಕಾಗದವನ್ನು ಚಪ್ಪಟೆಯಾದ ಮರದ ತುಂಡಿಗೆ ಸುತ್ತಿ, ಮರದ ಎಳೆ ಹೋಗುವ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದ ಗೀರು ಆಗ ಕಾಣದು. ಬಣ್ಣ ಬಿದ್ದೊಡನೆ ಎದ್ದು ಕಾಣುತ್ತದೆ. ಒಂದು ನಂಬರು ಬಿಟ್ಟ ಗೀರುಗಳನ್ನು ಮುಂದಿನ ನಂಬರು ಪೂರ್ತಿ ಅಳಿಸಿದ ಮೇಲೆಯೇ ಮುಂದಕ್ಕೆ ಹೋಗತಕ್ಕದ್ದು.

ಕೆಲವು ಒಡಲುಗಳ ಮುಖಕ್ಕೆ ಅಂದದ ತೆಳು ಮರದ ಹಾಳೆ ಅಂಟಿಸಿರುತ್ತಾರೆ. ಅದು ಕಾಗದದಷ್ಟೇ ತೆಳುವೆಂದು ತಿಳಿದು ೨೪೦ರಲ್ಲಿ ನಾಲ್ಕು ಬಾರಿ ಸವರಿ ನಿಲ್ಲಿಸಬೇಕು. ಇನ್ನು ಕೆಲವು ಒಡಲುಗಳಿಗೆ ಕಾರ್ಖಾನೆಯಲ್ಲೇ ತೆಳುವಾದ ಲೇಪವೊಂದನ್ನು ಕೊಟ್ಟಿರುತ್ತಾರೆ. ಅದರ ಮೇಲೆ ಬಣ್ಣದ ನೀರು ಹಿಡಿಯದು. ಪರೀಕ್ಷೆ ಸುಲಭ: ಒಂದು ಹನಿ ನೀರು ಹಾಕಿ. ಹನಿ ಇಂಗಿ ಮರ ಕಪ್ಪಾದರೆ ಅದು ಬರಿಮರ. ಮುತ್ತಿನಂತೆ ನಿಂತರೆ ಲೇಪವಿದೆ, ಇನ್ನೂ ಉಜ್ಜಬೇಕು.

೨೪೦ರ ಉಜ್ಜು ಮುಗಿದ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಮರವನ್ನೆಲ್ಲ ಒರೆಸಿ ಒಣಗಲು ಬಿಡಿ. ಮಲಗಿದ್ದ ಎಳೆಗಳು ಗಡ್ಡದ ಕೂದಲಿನಂತೆ ಎದ್ದು ನಿಲ್ಲುತ್ತವೆ. ಅವನ್ನು ಅದೇ ಕಾಗದದಿಂದ ಹಗುರವಾಗಿ ಸವರಿ ತೆಗೆಯಬೇಕು. ಈ ಕೆಲಸ ಬಿಟ್ಟರೆ ಮೊದಲ ಲೇಪವೇ ಅವನ್ನು ಎಬ್ಬಿಸುತ್ತದೆ. ಒಡಲಿನ ಪಕ್ಕಗಳಲ್ಲಿ, ಕೊಂಬುಗಳ ತುದಿಯಲ್ಲಿ ಮರದ ಎಳೆ ಕೊನೆಗೊಳ್ಳುವ ಜಾಗಗಳಿರುತ್ತವೆ. ಅವು ಬಣ್ಣವನ್ನು ಹೆಚ್ಚಾಗಿ ಕುಡಿದು ಕಪ್ಪಾಗುತ್ತವೆ. ಅಲ್ಲಿ ಮಾತ್ರ ೩೨೦ರವರೆಗೆ ಉಜ್ಜಿ.

ಮಹಾಗನಿಯಂಥ ಮರದಲ್ಲಿ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಕನ್ನಡಿಯಂಥ ಹೊಳಪು ಬೇಕಾದರೆ ಮರದ ಬಣ್ಣದ ಲಪ್ಪವನ್ನು ಎಳೆಗೆ ಅಡ್ಡಲಾಗಿ ತಿಕ್ಕಿ ತುಂಬಿಸಿ, ಒಣಗಿದ ಮೇಲೆ ಸವರಬೇಕು. ಬಾಸ್‌ವುಡ್ ಎಂಬ ಬಿಳಿಯ ಮೆತ್ತನೆ ಮರಕ್ಕೆ ಇದು ಬೇಡ. ಪೆರಂಬೂರಿನಲ್ಲಿ ೧೯೫೫ರಿಂದ ನಡೆಯುತ್ತಿರುವ ರೈಲುಡಬ್ಬಿ ಕಾರ್ಖಾನೆಯ ಬಣ್ಣದ ವಿಭಾಗದಲ್ಲೋ ಮೋಟಾರು ಕಾರ್ಖಾನೆಗಳಲ್ಲೋ ದುಡಿದವರಿಗೆ ಈ ಮಾತು ಹೊಸದಲ್ಲ: ಕೆಳಗಿನ ಮೈ ಹೇಗೋ ಮೇಲಿನ ಬಣ್ಣವೂ ಹಾಗೆ.

ಉಜ್ಜುವಾಗ ಏಳುವ ಮರದ ಹುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಕರವಸ್ತ್ರ ಕಟ್ಟಿದರೆ ಸಾಲದು. ಎನ್-೯೫ ಎಂಬ ಮುಖಗವಸು ಬೇಕು. ಕೆಲಸ ಮಾಳಿಗೆಯ ಮೇಲೆ ನಡೆಯಲಿ, ಹಾಸಿಗೆಯ ಪಕ್ಕದಲ್ಲಲ್ಲ.

ಯಾವ ಲೇಪವನ್ನು ಆರಿಸುವುದು?

ಅಮೆರಿಕದ ಫೆಂಡರ್ ಕಂಪನಿ ಸ್ಟ್ರಾಟೊಕಾಸ್ಟರ್ ಎಂಬ ಮಾದರಿಯನ್ನು ಹೊರತಂದದ್ದು ೧೯೫೪ರಲ್ಲಿ. ಪೆಟ್ಟಿಗೆಯಲ್ಲಿ ಬರುವ ಒಡಲುಗಳಲ್ಲಿ ಬಹಳಷ್ಟು ಇದರ ಆಕಾರದವೇ. ಆ ಕಾಲದಲ್ಲಿ ಅವರು ಮೋಟಾರು ಕಾರಿಗೆ ಹೊಡೆಯುವ ಬಣ್ಣಗಳನ್ನೇ ಗಿಟಾರಿಗೂ ಹೊಡೆದರು. ನೈಟ್ರೊಸೆಲ್ಯುಲೋಸ್ ಎಂಬುದು ಅವುಗಳಲ್ಲಿ ಮುಖ್ಯ. ಅದು ನೋಡಲು ಬಲು ಚೆನ್ನ. ಆದರೆ ಅದರ ಆವಿ ಕಿಡಿ ತಗಲಿದೊಡನೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಸ್ವಿಚ್ಚಿನ ಕಿಡಿ ಯಾವುದಾದರೂ ಸಾಕು. ಒಂದೇ ಕೋಣೆಯಲ್ಲಿ ಅಡಿಗೆಯೂ ನಿದ್ದೆಯೂ ನಡೆಯುವ ಮನೆಗೆ ಇದು ಬೇಡವೇ ಬೇಡ.

ಎರಡು ಡಬ್ಬಿ ಕಲಸಿ ಸಿಂಪಡಿಸುವ ಪಾಲಿಯುರಿಥೇನ್ ಕಲ್ಲಿನಂತೆ ಗಟ್ಟಿ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದ್ದು, ಸಿಂಪಡಿಸಿದ ಮಂಜನ್ನು ಉಸಿರಾಡಿದರೆ ಬಿಡದ ಉಬ್ಬಸ ಹತ್ತಿಕೊಳ್ಳಬಹುದು. ಸಾಧಾರಣ ಮುಖಗವಸು ಇದನ್ನು ತಡೆಯದು. ಕಾರ್ಖಾನೆಯಲ್ಲಿ ಹೊರಗಿನ ಗಾಳಿ ಒದಗಿಸುವ ಮುಸುಕು ತೊಟ್ಟು ಮಾಡುವ ಕೆಲಸವಿದು.

ಅಗಸೆ ಎಣ್ಣೆಯ ಲೇಪ ಸುಲಭವೂ ಅಗ್ಗವೂ ಹೌದು. ಆದರೆ ಒಂದು ಎಚ್ಚರಿಕೆ ಪ್ರಾಣದಷ್ಟು ಮುಖ್ಯ. ಆ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಮೆತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಯಾರೂ ಕಡ್ಡಿ ಗೀರದೆಯೇ ಅದು ತಾನಾಗಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿಡಬೇಕು, ಇಲ್ಲವೆ ಹೊರಗೆ ಬಿಡಿಸಿ ಹರವಬೇಕು.

ಮರ ಕಾಣದಂತೆ ಗಾಢವಾದ ಕೆಂಪೋ ನೀಲಿಯೋ ಬೇಕೆನ್ನುವವರು ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಮೆತ್ತನೆ ಕುಂಚದಿಂದ ತೆಳುವಾಗಿ ನಾಲ್ಕಾರು ಬಾರಿ ಹಚ್ಚಬಹುದು. ಮರದ ಚೆಲುವು ಕಾಣಬೇಕೆನ್ನುವವರಿಗೆ ನಾವು ಹೇಳುವುದು ಅರಗಿನ ಪಾಲಿಶ್.

ಅರಗು: ನಮ್ಮದೇ ಸರಕು

ಅರಗು ಒಂದು ಸಣ್ಣ ಹುಳು ಮುತ್ತುಗ ಮೊದಲಾದ ಮರಗಳ ರೆಂಬೆಗಳ ಮೇಲೆ ಸುರಿಸುವ ಅಂಟು. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆಯ ಕತೆ ಎಲ್ಲರಿಗೂ ಗೊತ್ತು. ಚನ್ನಪಟ್ಟಣದ ಬೊಂಬೆಗಳ ಮೇಲಿನ ಹೊಳಪು ಇದೇ. ತಿರುಗುವ ಹಾಲೆಮರದ ಬೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅದು ಕರಗಿ ಹತ್ತುತ್ತದೆ. ಆಮೇಲೆ ಒಣ ಗರಿಯಿಂದ ತಿಕ್ಕುತ್ತಾರೆ. ಗ್ರಾಮಫೋನಿನ ೭೮ ಸುತ್ತಿನ ಹಳೆಯ ತಟ್ಟೆಗಳಲ್ಲಿಯೂ ಅರಗೇ ಮುಖ್ಯ ಸರಕಾಗಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪನೆಯಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ ಅದೇ. ೧೯೬೨ರ ಚುನಾವಣೆಯಿಂದ ಈಚೆಗೆ ಮತ ಹಾಕಿದವರ ಬೆರಳಿಗೆ ಇಡುವ ಅಳಿಸಲಾಗದ ಶಾಯಿ ಬರುವುದೂ ಅಲ್ಲಿಂದಲೇ. ಚೆನ್ನೈಯಲ್ಲಿ ನಾವು ಮತ ಹಾಕಿದಾಗ ಬೆರಳಿಗೆ ಬೀಳುವುದು ಮೈಸೂರಿನ ಮಸಿ!

ಅರಗಿನ ಚಕ್ಕೆಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ೫೦ ಗ್ರಾಂ ಚಕ್ಕೆಯನ್ನು ೨೫೦ ಮಿಲಿಲೀಟರ್ ಸ್ಪಿರಿಟ್ಟಿನಲ್ಲಿ ಹಾಕಿ, ಗಾಜಿನ ಸೀಸೆಯಲ್ಲಿ ರಾತ್ರಿಯಿಡೀ ನೆನೆಸಿ, ಆಗಾಗ ಅಲುಗಿಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ಸ್ಪಿರಿಟ್ ಸಿಗದಿದ್ದರೆ ಫ್ರೆಂಚ್ ಪಾಲಿಶ್ ಎಂದು ಮಾರುವ ಸಿದ್ಧ ಡಬ್ಬಿಯೂ ಆದೀತು. ಕಲಸಿದ ಅರಗು ಆರು ತಿಂಗಳಿಗಿಂತ ಹಳೆಯದಾದರೆ ಗಟ್ಟಿಯಾಗಿ ಒಣಗದೆ ಹೋಗಬಹುದು. ಗಾಜಿನ ಮೇಲೆ ಒಂದು ಹನಿ ಹಾಕಿ. ಮರುದಿನವೂ ಬೆರಳಿಗೆ ಅಂಟಿದರೆ ಚೆಲ್ಲಿಬಿಡಿ.

ಸ್ಪಿರಿಟ್ಟಿನಲ್ಲಿ ಮೆಥನಾಲ್ ಇರಬಹುದು. ೨೦೨೪ರ ಜೂನ್ ತಿಂಗಳಲ್ಲಿ ಕಳ್ಳಕುರಿಚ್ಚಿಯಲ್ಲಿ ೬೦ಕ್ಕೂ ಹೆಚ್ಚು ಜನರನ್ನು ಬಲಿಕೊಂಡ ಕಳ್ಳಸಾರಾಯಿಯಲ್ಲಿದ್ದದ್ದು ಅದೇ ವಿಷ. ಕುಡಿಯುವ ನೀರಿನ ಸೀಸೆಗೆ ಸ್ಪಿರಿಟ್ಟನ್ನು ಎಂದಿಗೂ ಸುರಿಯಕೂಡದು. ಸೀಸೆಯ ಮೇಲೆ ‘ವಿಷ’ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಬರೆದು, ಮಕ್ಕಳ ಕೈಗೆಟುಕದಂತೆ, ಒಲೆಯಿಂದ ದೂರವಿಡಿ. ಕೆಲಸ ಮಾಡುವಾಗ ಕಿಟಕಿ ಬಾಗಿಲು ತೆರೆದಿರಲಿ, ಬೀಡಿ ಸಿಗರೇಟು ದೂರವಿರಲಿ.

ಬಣ್ಣ ಕೊಡುವ ಬಗೆ

ಮರಕ್ಕೆ ಬಣ್ಣ ಬೇಕಾದರೆ ಅರಗಿಗೆ ಮುಂಚೆ ಕೊಡಬೇಕು. ಅರಿಶಿನದ ಹಳದಿ ಬೆಳಕಿಗೆ ಮಾಸಿಹೋಗುತ್ತದೆ. ಅಂಗಡಿಯ ಮರದ ಬಣ್ಣವೇ ಮೇಲು. ಕಪ್ಪು ಬೇಕಾದರೆ ಮಾತ್ರ ಅಡಿಗೆಮನೆಯ ಉಪಾಯವೊಂದುಂಟು. ತುಕ್ಕು ಹಿಡಿದ ಕಬ್ಬಿಣದ ಮೊಳೆಗಳನ್ನು ವಿನಿಗರಿನಲ್ಲಿ ಒಂದು ವಾರ ನೆನೆಸಿ. ಅದರಿಂದ ಅನಿಲ ಬರುವುದರಿಂದ ಮುಚ್ಚಳ ಬಿಗಿಯಬಾರದು. ಮರಕ್ಕೆ ಮೊದಲು ಗಟ್ಟಿಯಾದ ಚಹಾ ಕಷಾಯ ಹಚ್ಚಿ ಒಣಗಿಸಿ, ಮೇಲೆ ಈ ಕಬ್ಬಿಣದ ನೀರು ಹಚ್ಚಿದರೆ ಮರ ಬೂದಿಯಿಂದ ಕಪ್ಪಿಗೆ ತಿರುಗುತ್ತದೆ. ಚಹಾದಲ್ಲಿರುವ ಒಗರು ಕಬ್ಬಿಣದೊಡನೆ ಕೂಡಿ ಮಸಿಯಾಗುವುದೇ ಇದರ ಗುಟ್ಟು. ಯಾವ ಬಣ್ಣವನ್ನಾದರೂ ಮೊದಲು ಕೊರಳಿನ ಗೂಡಿನ ಒಳಗೆ, ಮುಂದೆ ಮುಚ್ಚಿಹೋಗುವ ಜಾಗದಲ್ಲಿ, ಹಚ್ಚಿ ಪರೀಕ್ಷಿಸಿ.

ಅರಗು ಹಚ್ಚುವ ಕ್ರಮ

ಹತ್ತಿಯ ಉಂಡೆಯೊಂದನ್ನು ಹಲವು ಬಾರಿ ಒಗೆದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಅಡಿಯಲ್ಲಿ ಸುಕ್ಕಿಲ್ಲದಂತೆ ಹಿಡಿಯಿರಿ. ಕೊರಳಿನ ತಿರುಪುತೂತುಗಳಿಗೆ ಒಂದು ಕೋಲನ್ನು ತಿರುಪಿ ಹಿಡಿಕೆಯಾಗಿ ಬಳಸಿದರೆ ಒಡಲನ್ನು ಮುಟ್ಟದೆ ತಿರುಗಿಸಬಹುದು, ಕೊಕ್ಕೆಗೆ ತೂಗುಹಾಕಲೂಬಹುದು.

ಉಂಡೆಯ ಒಳಗಿನ ಹತ್ತಿಗೆ ಅರಗನ್ನು ಕುಡಿಸಿ, ಅಂಗೈ ಮೇಲೆ ಒತ್ತಿದರೆ ತೇವವಷ್ಟೇ ಕಾಣುವಂತೆ ಹಿಂಡಿ. ವಿಮಾನ ನೆಲಕ್ಕಿಳಿದು ಮತ್ತೆ ಮೇಲೇಳುವಂತೆ ಅಂಚಿನಾಚೆಯಿಂದ ಬಂದು, ಸವರಿ, ಆಚೆಯ ಅಂಚಿನಿಂದ ಹೊರಟುಹೋಗಬೇಕು. ನಡುವೆ ನಿಂತರೆ ಕೆಳಗಿನ ಲೇಪ ಕರಗಿ ಉಂಡೆಗೆ ಅಂಟಿಕೊಳ್ಳುತ್ತದೆ. ಬಿಟ್ಟುಹೋದ ಜಾಗ ಕಂಡರೂ ತಕ್ಷಣ ಹಿಂತಿರುಗಬೇಡಿ. ಮುಂದಿನ ಲೇಪದಲ್ಲಿ ಅದು ತುಂಬುತ್ತದೆ.

ಕೆಲಸಕ್ಕೆ ಹೊರಡುವ ಮುನ್ನ ಒಂದು ಲೇಪ, ಬಂದ ಮೇಲೆ ಒಂದು ಲೇಪ. ಮೂರು ಲೇಪಗಳಿಗೊಮ್ಮೆ ೪೦೦ರ ಕಾಗದದಿಂದ ಹಗುರವಾಗಿ ಸವರಿ ಹುಡಿ ಒರೆಸಿ. ಹೀಗೆ ಹತ್ತು ಹನ್ನೆರಡು ಲೇಪಗಳಾದರೆ ಸಾಕು. ಕಡೆಯ ಲೇಪಗಳಲ್ಲಿ ಉಂಡೆ ಎಳೆಯತೊಡಗಿದರೆ ಅದರ ಅಡಿಗೆ ಒಂದೇ ಹನಿ ಎಣ್ಣೆ ತಾಕಿಸಿ ಸುತ್ತುಸುತ್ತಾಗಿ ಉಜ್ಜಬಹುದು. ಉಳಿದ ಎಣ್ಣೆಯ ಮಬ್ಬನ್ನು ಮರುದಿನ ಸ್ಪಿರಿಟ್ ಸೋಕಿಸಿದ ಒಣ ಉಂಡೆಯಿಂದ ತೆಗೆಯಬೇಕು.

ಅರಗಿಗೆ ಕೊರತೆಯೂ ಉಂಟು. ಬೆವರು, ಬಿಸಿ, ಸ್ಪಿರಿಟ್ ಇವು ಅದಕ್ಕಾಗವು. ನಮ್ಮ ಚೆನ್ನೈಯ ಬೆವರಿಗೆ ಮೊಳಕೈ ಒರಗುವ ಜಾಗ ಮಾಸಬಹುದು. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿಡಿ. ಮಾಸಿದರೆ ಅಲ್ಲಿಗೆ ಮಾತ್ರ ಎರಡು ಲೇಪ ಕೊಟ್ಟರೆ ಹೊಸದು ಹಳೆಯದರಲ್ಲಿ ಕರಗಿ ಒಂದಾಗುತ್ತದೆ. ಬೇರೆ ಅನೇಕ ಲೇಪಗಳಿಗೆ ಈ ಗುಣವಿಲ್ಲ.

ಕಾಯುವುದು ಮತ್ತು ಕಾಲವನ್ನು ಅರಿಯುವುದು

ಒಣಗುವುದು ಬೇರೆ, ಮಾಗುವುದು ಬೇರೆ. ಮುಟ್ಟಿದರೆ ಅಂಟದಿರುವುದು ಒಣಗಿದ ಗುರುತು. ಒಳಗಿನ ಸ್ಪಿರಿಟ್ಟೆಲ್ಲ ಹೋಗಿ ಗಟ್ಟಿಯಾಗುವುದು ಮಾಗಿದ ಗುರುತು. ಅರಗಿಗೆ ಕಡೆಯ ಲೇಪದ ನಂತರ ಎರಡು ವಾರವಾದರೂ ಬಿಡಬೇಕು. ಮೂಗನ್ನು ಹತ್ತಿರ ಹಿಡಿದು ನೋಡಿ. ವಾಸನೆ ಬಂದರೆ ಇನ್ನೂ ಕಾಲವಾಗಿಲ್ಲ. ಅವಸರದಿಂದ ತಿರುಪು ಬಿಗಿದರೆ ಲೋಹದ ಅಚ್ಚು ಲೇಪದ ಮೇಲೆ ಮೂಡಿ ನಿಲ್ಲುತ್ತದೆ.

ಸ್ಪಿರಿಟ್ ಆರುವಾಗ ಮೈ ತಣ್ಣಗಾಗುವುದನ್ನು ಎಲ್ಲರೂ ಬಲ್ಲರು. ಮರದ ಮೈಯೂ ಹಾಗೆಯೇ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ತಣ್ಣಗಾದ ಆ ಮೈ ಮೇಲೆ ಇಬ್ಬನಿ ಕೂತು ಲೇಪದೊಳಗೆ ಬಿಳಿಯ ಮಬ್ಬು ಹಿಡಿಯುತ್ತದೆ. ಇಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆ. ಆಗ ಉಜ್ಜುವ ಕೆಲಸ ಮಾಡಿಕೊಳ್ಳಿ, ಲೇಪ ಬೇಡ. ಪೊಂಗಲ್ ಕಳೆದ ಮೇಲೆ ಯುಗಾದಿಯವರೆಗಿನ ಕಾಲ ಅತ್ಯುತ್ತಮ. ದಿನದಲ್ಲಿಯೂ ಇಬ್ಬನಿ ಆರಿ ಬಿಸಿಲೇರಿದ ಮೇಲೆ ಹಚ್ಚುವುದು ಲೇಸು, ಆದರೆ ನೇರ ಬಿಸಿಲಿನಲ್ಲಿ ಬೇಡ. ಮಬ್ಬು ಹಿಡಿದರೂ ಗಾಬರಿಯಿಲ್ಲ. ಒಣ ಹವೆಯ ದಿನ ಸ್ಪಿರಿಟ್ ಸೋಕಿಸಿದ ಉಂಡೆಯಿಂದ ಹಗುರವಾಗಿ ಸವರಿದರೆ ಬಹುಮಟ್ಟಿಗೆ ಬಿಡುತ್ತದೆ.

ಮಾಗಿದ ಮೇಲೆ ೧೦೦೦, ೧೫೦೦, ೨೦೦೦ ನಂಬರಿನ ಕಾಗದಗಳಿಂದ ಒಂದೊಂದು ಹನಿ ಎಣ್ಣೆ ಹಾಕಿ ಮೃದುವಾಗಿ ಉಜ್ಜಿ, ಕಡೆಗೆ ಮೋಟಾರು ಬಣ್ಣದ ಪಾಲಿಶ್ ಹಿಟ್ಟನ್ನು ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ. ಅಂಚುಗಳಲ್ಲಿ ಲೇಪ ತೆಳುವಾದ್ದರಿಂದ ಅಲ್ಲಿ ಕೈ ಹಗುರವಾಗಿರಲಿ.

ಕಡೆಯ ಜೋಡಣೆ

ಗಿಟಾರಿನ ಉಕ್ಕಿನ ತಂತಿ ಕಾಂತದ ಮೇಲೆ ಮಿಡಿದಾಗ ಸುರುಳಿಯಲ್ಲಿ ಹುಟ್ಟುವ ಅಲ್ಪ ವಿದ್ಯುತ್ತೇ ನಾದವಾಗುತ್ತದೆ. ಆದುದರಿಂದ ಲೇಪದ ಗುಣಕ್ಕಿಂತ ತಂತಿಯ ಬೆಸುಗೆ ನಾದಕ್ಕೆ ಮುಖ್ಯ. ಬೆಸುಗೆಯ ಸಾಮಾನು, ತಾಮ್ರದ ಹಾಳೆ ಎಲ್ಲವೂ ರಿಚಿ ಸ್ಟ್ರೀಟಿನಲ್ಲಿ ಸಿಗುತ್ತವೆ. ಒಳಗಿನ ಗೂಡಿಗೆ ತಾಮ್ರದ ಹಾಳೆ ಅಂಟಿಸಿ ಭೂತಂತಿಗೆ ಸೇರಿಸಿದರೆ ಗುಂಯ್ ಎಂಬ ಸದ್ದು ಕಡಿಮೆಯಾಗುತ್ತದೆ.

ಗಿಟಾರಿನ ತಂತಿಗಳು ಆಂಪ್ಲಿಫಯರಿನ ಭೂಸಂಪರ್ಕಕ್ಕೆ ಸೇರಿರುತ್ತವೆ. ಹಳೆಯ ಮನೆಗಳ ಮೂರು ತೂತಿನ ಸಾಕೆಟ್ಟಿನಲ್ಲಿ ಮೂರನೆಯದಕ್ಕೆ ತಂತಿಯೇ ಇಲ್ಲದಿರುವುದುಂಟು. ೧೯೭೨ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವಿ ಎಂಬ ಗಿಟಾರುವಾದಕರು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡರು. ನುಡಿಸುವ ಮೊದಲು ಬಲ್ಲ ಎಲೆಕ್ಟ್ರಿಷಿಯನ್ನರಿಂದ ಸಾಕೆಟ್ ಪರೀಕ್ಷೆ ಮಾಡಿಸಿ. ಅದಕ್ಕೆ ತಗಲುವ ಹಣವನ್ನು ಬಣ್ಣದ ಲೆಕ್ಕದಲ್ಲಿ ಉಳಿಸಿದರೂ ಚಿಂತೆಯಿಲ್ಲ, ಇದರಲ್ಲಿ ಮಾತ್ರ ಉಳಿಸಬೇಡಿ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಬಣ್ಣ ಹಚ್ಚುವ ಮೊದಲೇ ವಾದ್ಯವನ್ನು ಒಮ್ಮೆ ಜೋಡಿಸಿ ಬಿಚ್ಚಬೇಕು, ಏಕೆ?
೨. ನೀರಿನ ಹನಿಯಿಂದ ಮರದ ಮೇಲೆ ಲೇಪವಿದೆಯೆಂದು ತಿಳಿಯುವುದು ಹೇಗೆ?
೩. ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬಾರದು, ಏಕೆ?
೪. ಮಳೆಗಾಲದಲ್ಲಿ ಅರಗಿಗೆ ಬಿಳಿಯ ಮಬ್ಬು ಹಿಡಿಯಲು ಕಾರಣವೇನು? ಅದನ್ನು ತೆಗೆಯುವುದು ಹೇಗೆ?
೫. ಒಣಗುವುದಕ್ಕೂ ಮಾಗುವುದಕ್ಕೂ ವ್ಯತ್ಯಾಸವೇನು?
೬. ನಿಮ್ಮ ಮನೆಯ ಸಾಕೆಟ್ಟಿಗೆ ಭೂತಂತಿ ಇದೆಯೆ? ಇದಕ್ಕೆ ಮಾತ್ರ ಪುಸ್ತಕ ನೋಡದೆ, ಸಾಕೆಟ್ಟನ್ನೇ ಪರೀಕ್ಷೆ ಮಾಡಿಸಿ ಉತ್ತರ ಬರೆಯಿರಿ.